ಕೊಗ್ಗಿ ಸಸಿ ಇನ್ನು ಇಲ್ಲ, ಬೀಜ ಮಾತ್ರ

ಗ್ರಾಹಕರಿಗೆಲ್ಲ ನಮಸ್ಕಾರ,

ಈ ಮುಂಗಾರಿನಿಂದ ನಮ್ಮ ಸಂಘದಲ್ಲಿ ಕೊಗ್ಗಿ (ಬದುವಿನ ಮೇಲೆ ಬೆಳೆಯುವ ನೇರಳೆ ಹೂವಿನ ಕಾಡುಗಿಡ, ಶರಪುಂಖ) ಸಸಿ ಸಿಗುವುದಿಲ್ಲ. ಬೀಜ ಮಾತ್ರ ಕೊಡುತ್ತೇವೆ. ಪೊಟ್ಟಣಕ್ಕೆ 40 ರೂಪಾಯಿ ಇದ್ದದ್ದು 60 ಆಗಿದೆ. ಸಸಿಗೆ ಮುಂಗಡ ಕೊಟ್ಟವರಿಗೆ ಬೇಸರ ಆಗಿರುತ್ತದೆ, ಕ್ಷಮೆ ಇರಲಿ. ಧಾರವಾಡದ ಅಂಗಡಿಗೆ ಬನ್ನಿ, ರೊಕ್ಕ ವಾಪಸ್ ಕೊಡುತ್ತೇವೆ. ಚೀಟಿ ಕಳೆದಿದ್ದರೂ ಅಡ್ಡಿಯಿಲ್ಲ.

ಕೊಗ್ಗಿಯ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಅಂಥ ಸಸಿ ನೆಟ್ಟರೆ ಬೇಸಿಗೆ ದಾಟುವುದು ಕಷ್ಟ. ಹೊಲದಲ್ಲೇ ಹುಟ್ಟಿದ್ದು ಒಣಗಿದಂತೆ ಕಂಡರೂ ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ.

ಇನ್ನು ಎಲ್ಲರ ಬಾಯಲ್ಲೂ ಕೇಳುವ ಮಾತು: "ಬದುವಿನ ಮೇಲೆ ಸುಮ್ನೆ ಬೆಳೆಯೋ ಕಳೆಗೆ 60 ರೂಪಾಯಿನಾ?" ಬೆಳೆಯುವುದು ಸುಮ್ನೆಯೇ. ಬೀಜ ಆರಿಸುವುದು ಸುಮ್ನೆ ಅಲ್ಲ. ಕಾಯಿ ಒಮ್ಮೆಲೇ ಮಾಗುವುದಿಲ್ಲ. ಒಂದೇ ಟೊಂಗೆಯ ತುದಿಗೆ ನೇರಳೆ ಹೂ, ಕೆಳಗೆ ಒಣಗಿದ ಕಾಯಿ. ಬಿಸಿಲೇರಿದರೆ ಕಾಯಿ ಚಟ್ ಅಂತ ಸಿಡಿದು, ತಿರುಚಿದ ಸಿಪ್ಪೆಯಷ್ಟೇ ಗಿಡದಲ್ಲಿ ಉಳಿಯುತ್ತದೆ. ಹಾಗಾಗಿ ಹೆಣ್ಣುಮಕ್ಕಳು ಇಬ್ಬನಿ ಆರುವ ಮೊದಲೇ ಹೋಗಬೇಕು, ಅದೇ ಗಿಡಕ್ಕೆ ಮತ್ತೆ ಮತ್ತೆ. ಕಾಯಿಗೆ ಬೀಜ ಐದೋ ಆರೋ. ಅದರಲ್ಲೂ ಹುಳು ಕೊರೆದದ್ದನ್ನು ಮೊರದಲ್ಲಿ ಕೇರಿ ತೆಗೆಯಬೇಕು. ಸಿಕ್ಕದ್ದನ್ನೆಲ್ಲ ನಾವು ಬಳಿಯುವುದೂ ಇಲ್ಲ, ಅರ್ಧ ಕಾಯಿ ಗಿಡದಲ್ಲೇ ಬಿಡುತ್ತೇವೆ. ಜಂಬ ಅಂದುಕೊಂಡರೂ ಸರಿ. ಅದೇ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ಅಲ್ಲಿಗಿಂತ ಕಡಿಮೆ ಕೂಲಿ ಕೊಟ್ಟರೆ ನಮ್ಮಲ್ಲಿಗೆ ಯಾರು ಬರುತ್ತಾರೆ, ನೀವೇ ಹೇಳಿ. ಹೆಚ್ಚಿಸಿದ 20 ರೂಪಾಯಿ ಹೋಗುವುದು ಆ ಕೂಲಿಗೆ, ನಮ್ಮ ಗಲ್ಲಾಕ್ಕಲ್ಲ.

ಬೀಜದ ಸಿಪ್ಪೆ ಬಹಳ ಗಟ್ಟಿ. ಕುದಿದ ನೀರನ್ನು ಒಲೆಯಿಂದ ಇಳಿಸಿ, ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಉಬ್ಬಿದ್ದನ್ನು ಬಿತ್ತಿ. ಮಸಾರಿ (ಕೆಂಪು ಮಣ್ಣು), ಗರಸು (ಸಣ್ಣ ಕಲ್ಲಿನ) ನೆಲ ಆದರೆ ಒಳ್ಳೆಯದು. ಎರಿ (ಕಪ್ಪು ಮಣ್ಣು) ಹೊಲದವರು ನೀರು ನಿಲ್ಲದ ಬದು ನೋಡಿಕೊಳ್ಳಿ. ಗೊಬ್ಬರ ಬೇಡ, ಸಾರಜನಕವನ್ನು ಬೇರಿನ ಗಂಟುಗಳೇ ಒದಗಿಸುತ್ತವೆ.

ಒಂದು ಮಾತು. ಮೊಗ್ಗಿನಲ್ಲೋ ಕಾಯಿಯಲ್ಲೋ ಸಣ್ಣ ಹುಳು ಕಂಡರೆ ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ. ನೀಲಿ ಚಿಟ್ಟೆಯ ಮರಿ ಇದ್ದೀತು. ಜೇನು, ಚಿಟ್ಟೆ ಬರಲಿ ಅಂತಲೇ ಅಲ್ವಾ ಈ ಗಿಡ ಹಾಕಿದ್ದು?

ಹೇಳಿದಂತೆ ಮಾಡಿಯೂ ಮೊಳಕೆ ಬರದಿದ್ದರೆ ಖಾಲಿ ಪೊಟ್ಟಣ ತನ್ನಿ, ಬೇರೆ ಕೊಡುತ್ತೇವೆ. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಬಂದರೆ ಒಳ್ಳೆಯದು, ಈ ಸಲ ಬೀಜ ಜಾಸ್ತಿ ಇಲ್ಲ.

ಇಂತಿ,
ಸಂಘದ ಪರವಾಗಿ, ಧಾರವಾಡ