ಹೆರಿಗೆ ಮೈಸೂರಲ್ಲಾದರೆ ಮಗು ಮಂಡ್ಯದ್ದಲ್ಲವೇ? ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಹಳ್ಳಿಗಳ ಜನನ ಲೆಕ್ಕವನ್ನು ಹೆರಿಗೆಯಾದ ಜಾಗದ ಮೇಲಲ್ಲ, ತಾಯಿ ವಾಸವಿರುವ ಊರಿನ ಮೇಲೆ ವಿಂಗಡಿಸಿ ತರಿಸಿಕೊಳ್ಳಿ. ವರ್ಷಗಳಿಂದ ಅರ್ಜಿ ಕೊಟ್ಟು ಸಾಕಾಗಿದೆ, ಅದಕ್ಕೇ ತಮಗೆ ಬರೆಯುತ್ತಿದ್ದೇವೆ.

ನಿಯಮ ತಮಗೆ ಗೊತ್ತೇ ಇದೆ. 1969ರ ಕಾಯ್ದೆಯಂತೆ ಜನನ, ಮರಣ ಎಲ್ಲಿ ಆಯಿತೋ ಅಲ್ಲೇ ನೋಂದಣಿ, 21 ದಿನದೊಳಗೆ ಮಾಹಿತಿ. ಪ್ರಮಾಣಪತ್ರಕ್ಕೆ ಇದು ಸರಿ. ಆದರೆ ಅದೇ ಎಣಿಕೆ ಹಿಡಿದು ಊರಿನ ಜನಸಂಖ್ಯೆ ಬೆಳೆಯುತ್ತಿದೆಯೋ ಇಳಿಯುತ್ತಿದೆಯೋ ಎಂದು ತೀರ್ಮಾನಿಸಿದರೆ ಏನಾಗುತ್ತದೆ?

ಇದೇ ಆಗುತ್ತದೆ: ಪರಿಶೀಲನಾ ಸಭೆಯೊಂದರಲ್ಲಿ ನಮ್ಮ ಹೋಬಳಿಯ ಒಂದೂರಿನ ಹೆಸರಿನ ಮುಂದೆ ‘ಜನನ ಸೊನ್ನೆ, ಮರಣ ಹನ್ನೊಂದು’ ಎಂದು ಓದಿದರು. ಅಂಗನವಾಡಿಯನ್ನು ಪಕ್ಕದೂರಿಗೆ ಸೇರಿಸಬಹುದು ಎಂದೂ ಬರೆದುಕೊಂಡರು. ಅಲ್ಲಿ ಮಕ್ಕಳು ಚಾಪೆ ಸಾಲದೆ ಗೋಣಿಚೀಲದ ಮೇಲೆ ಕೂತು ಮೊಟ್ಟೆ ಸುಲಿಯುತ್ತಿದ್ದವು! ಆ ಮಕ್ಕಳೇನು ಸ್ವಾಮಿ, ಹುಣಸೆಮರದಿಂದ ಉದುರಿದವೇ?

ಗುಟ್ಟು ಇಷ್ಟೇ. ಹೆಚ್ಚುಕಮ್ಮಿ ಹೆರಿಗೆಗಳೆಲ್ಲ ಈಗ ಆಸ್ಪತ್ರೆಯಲ್ಲಿ, ಅಂದರೆ ಮಂಡ್ಯ ಇಲ್ಲವೇ ಮೈಸೂರಿನಲ್ಲಿ. ಚೊಚ್ಚಲಾದರೆ ತವರಿನ ಕಡೆ. ವಯಸ್ಸಾದವರು ಮಾತ್ರ ಹೆಚ್ಚಾಗಿ ಮನೆಯಲ್ಲೇ ಕಣ್ಣುಮುಚ್ಚುತ್ತಾರೆ. ಹೀಗೆ ಹುಟ್ಟು ಪಟ್ಟಣದ ಖಾತೆಗೆ, ಸಾವು ಹಳ್ಳಿಯ ಖಾತೆಗೆ. 2,000 ಜನರಿರುವ ಊರಲ್ಲಿ ವರ್ಷಕ್ಕೆ 26 ಮಕ್ಕಳು ಹುಟ್ಟಿದರೆ ಜನನ ದರ ಸಾವಿರಕ್ಕೆ 13. ಅವುಗಳಲ್ಲಿ ಎರಡು ಮಾತ್ರ ಊರಿನಲ್ಲಿ ನೋಂದಣಿಯಾದರೆ ದರ ಸಾವಿರಕ್ಕೆ 1! ಈ ಲೆಕ್ಕದಲ್ಲಿ ಮೈಸೂರಿನ ಚೆಲುವಾಂಬ ಹೆರಿಗೆ ಆಸ್ಪತ್ರೆಯ ಬೀದಿಯಲ್ಲಿ ಜನಸಂಖ್ಯಾ ಸ್ಫೋಟವೇ ಆಗಿರಬೇಕು.

ಪರಿಹಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜನನ ವರದಿ ನಮೂನೆಯ ಅಂಕಿಅಂಶ ಭಾಗದಲ್ಲಿ ತಾಯಿಯ ವಾಸದ ಊರಿನ ಕಾಲಂ ಇದೆ. ಅವಸರದಲ್ಲಿ ಅಲ್ಲಿ ‘ಮಂಡ್ಯ’ ಎಂದಷ್ಟೇ ಬರೆದು ಬಿಡುತ್ತಾರೆ. ಊರು, ತಾಲ್ಲೂಕು ಎರಡನ್ನೂ ಬರೆಸಿ, ಆಶಾ ಕಾರ್ಯಕರ್ತೆಯ ಬಳಿಯಿರುವ ತಾಯಿ ಕಾರ್ಡಿನ ಪಟ್ಟಿಯೊಂದಿಗೆ ತಾಳೆ ನೋಡಿಸಿ. ಮರಣಕ್ಕೂ ಹಾಗೆಯೇ.

ಇನ್ನು ‘ಮಂಡ್ಯದವರು ಹೆರುವುದನ್ನೇ ನಿಲ್ಲಿಸಿದ್ದಾರೆ’ ಎಂಬ ಭಾಷಣ. 2001ರ ಗಣತಿಯಲ್ಲಿ 17,63,705 ಜನರಿದ್ದ ಜಿಲ್ಲೆ 2011ಕ್ಕೆ 18,05,769 ಆಯಿತು, ಏರಿಕೆ ಶೇ. 2.4ರಷ್ಟು. ಪಕ್ಕದ ಮೈಸೂರು ಜಿಲ್ಲೆಯದು ಶೇ. 13.6. ಮಕ್ಕಳು ಕಡಿಮೆಯಾಗಿರುವುದು ನಿಜ. ರಾಜ್ಯದಲ್ಲೇ ಹೆಣ್ಣೊಬ್ಬಳಿಗೆ ಸರಾಸರಿ 1.7 ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆದರೆ ಅಕ್ಕಪಕ್ಕದ ಎರಡು ಜಿಲ್ಲೆಗಳ ನಡುವೆ ಇಷ್ಟು ಅಂತರ ಹೆರಿಗೆಯೊಂದರಿಂದಲೇ ಬರುವುದಿಲ್ಲ. ಹುಟ್ಟಿನಲ್ಲಿ ಸಾವು ಕಳೆದ ಮೇಲೆ ಬಂದವರನ್ನು ಕೂಡಿಸಿ ಹೋದವರನ್ನು ಕಳೆಯಬೇಕಲ್ಲ! ನಮ್ಮ ಹುಡುಗರು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿದ್ದಾರೆ. ಇಲ್ಲಿ ಕೆಲಸವಿದ್ದಿದ್ದರೆ ಹೋಗುತ್ತಿದ್ದರೇ?

2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಹೋಯಿತು. ಅಲ್ಲಿಯವರೆಗೆ 2011ರ ಅಂಕಿಗೆ ಅಂದಾಜು ಸೇರಿಸಿ, ಅದರ ಕೆಳಗೆ ಈ ತಪ್ಪು ಜನನ ಸಂಖ್ಯೆ ಇಟ್ಟು ಅಂಗನವಾಡಿ ಮುಚ್ಚುವುದೇ?

ಮುಂದಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಗೆ ತಾಯಿಯ ವಾಸದೂರಿನ ಪ್ರಕಾರ ಮಾಡಿದ ಪಟ್ಟಿ ತರಿಸಿ. ಅದು ಬರುವವರೆಗೆ ಆ ಅಂಗನವಾಡಿಯ ವಿಲೀನದ ಕಡತ ತಡೆಹಿಡಿಯಿರಿ.

ಇಂತಿ,
ಮಂಡ್ಯ ಜಿಲ್ಲೆಯ ಮತದಾರರು