ಮಗಳಿಗೊಂದು ಪತ್ರ: ಲಾಂಚ್ ಹತ್ತುವ ಮುನ್ನ

ಪುಟ್ಟಿ,

ನಿನ್ನೆ ಫೋನಿನಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ. "ಇಷ್ಟು ಓದಿ ರೋಯಿಂಗ್ ತಂಡಕ್ಕೆ ಅಸಿಸ್ಟೆಂಟ್ ಕೋಚ್ ಆಗ್ತೀಯಾ?" ಅಂದಾಗ ನೀನು ಸುಮ್ಮನಾದೆ. ಫೋನಿಟ್ಟ ಮೇಲೆ ಹೊಳೆಯಿತು, ನನ್ನಮ್ಮ ನನಗೆ ಅಂದಿದ್ದೂ ಇದನ್ನೇ. ತಪ್ಪಾಯಿತು ಅನ್ನೋಕೇ ಬರೆಯಲು ಕೂತೆ.

ನನ್ನ ಕಥೆ ನಿನಗೆ ಬಾಯಿಪಾಠ. ಕುಳ್ಳಿ ಎಂಬ ಒಂದೇ ಅರ್ಹತೆಯ ಮೇಲೆ ಕಾಕ್ಸ್, ಅಂದರೆ ಹುಟ್ಟು ಹಾಕದೆ ದೋಣಿಯ ದಿಕ್ಕು ನೋಡಿಕೊಳ್ಳುವವಳು, ಆದದ್ದು, ತೂಕ ಸಾಲದೆ ಮರಳಿನ ಚೀಲ ಹೊತ್ತದ್ದು. ಆದರೆ ಕೋಚ್ ಕೆಲಸ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಕಾನೂನು ಬಂದಿತ್ತು, ಓದಿನಲ್ಲಿ, ಕಾಲೇಜಿನ ಆಟಗಳಲ್ಲಿ ಹೆಣ್ಣು-ಗಂಡು ಭೇದ ಕೂಡದು ಅಂತ. ಆದರೂ 1976ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೋಯಿಂಗ್ ಹುಡುಗಿಯರಿಗೆ ಅಭ್ಯಾಸ ಮುಗಿದ ಮೇಲೆ ಸ್ನಾನಕ್ಕೆ ಜಾಗವಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ನಡುಗುತ್ತ ಕೂರಬೇಕಿತ್ತು. ಸಾಕಾಗಿ, ಅಧಿಕಾರಿಯ ಕೋಣೆಯಲ್ಲಿ ಬಟ್ಟೆ ಕಳಚಿ, ಬೆನ್ನಮೇಲೆ ಬರೆದಿದ್ದ ಆ ಕಾನೂನಿನ ಹೆಸರು ತೋರಿಸಿದರು. 1997ರಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಮಹಿಳಾ ರೋಯಿಂಗ್ ಚಾಂಪಿಯನ್‌ಷಿಪ್ ಶುರುಮಾಡಿತು. ಫುಟ್‌ಬಾಲ್ ಹುಡುಗರ ಲೆಕ್ಕಕ್ಕೆ ಸರಿದೂಗಿಸಲು ಕಾಲೇಜುಗಳಿಗೆ ದೊಡ್ಡ ಹೆಣ್ಣು ತಂಡ ಬೇಕಿತ್ತು; ಎಂಟು ಜನ ಹುಟ್ಟು ಹಾಕುವ ಒಂದು ಎಯ್ಟ್ ದೋಣಿಗೇ ಕಾಕ್ಸ್ ಸೇರಿ ಒಂಬತ್ತು ಜನ! ಗಾಳಿ ಬಂತು, ತೂರಿಕೊಂಡೆ.

ಒಂದನ್ನು ಮಾತ್ರ ನಿನಗೆ ಪೂರ್ತಿ ಹೇಳಿಲ್ಲ. ನೀನಿನ್ನೂ ಹುಟ್ಟಿರಲಿಲ್ಲ. ಮಾರ್ಚ್ ತಿಂಗಳ ಬೆಳಿಗ್ಗೆ, ನದಿಯ ಮಂಜುಗಡ್ಡೆ ಕರಗಿ ವಾರವಾಗಿತ್ತಷ್ಟೆ. ಎರಡು ಎಯ್ಟ್, ಕೋಚ್ ಕೂರುವ ಮೋಟಾರು ದೋಣಿ, ಲಾಂಚ್, ಒಂದೇ, ಅದರಲ್ಲಿ ನಾನೊಬ್ಬಳೇ. ಮುಂದಿನ ದೋಣಿ ಚೆನ್ನಾಗಿ ಓಡುತ್ತಿತ್ತು, ಅದರ ಹಿಂದೆಯೇ ಹೋದೆ. ತಿರುವಿನಲ್ಲಿ ಗಾಳಿ ಎದ್ದಿತು. ತಿರುಗಿ ನೋಡಿದರೆ ಹಿಂದಿನ ದೋಣಿಯ ಅಂಚು ನೀರಿನ ಮಟ್ಟಕ್ಕಿದೆ, ಹುಡುಗಿಯರು ಎದೆಮಟ್ಟ ನೀರಿನಲ್ಲಿ. ನಾನು ಹೋಗುವಷ್ಟರಲ್ಲಿ ಎಲ್ಲರೂ ದೋಣಿಗೆ ಜೋತುಬಿದ್ದಿದ್ದರು. ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟು. ಒಂಬತ್ತನೆಯವಳು, ಕಾಕ್ಸ್, ದೋಣಿಯ ಆಚೆ ಬದಿಯಲ್ಲಿ ಹುಟ್ಟು ಕೂರಿಸುವ ರಿಗ್ಗರ್ ಚೌಕಟ್ಟು ಹಿಡಿದುಕೊಂಡಿದ್ದಳು, ಕೂಗಲು ದನಿಯೇ ಹೊರಡದೆ. ಎಷ್ಟು ಹೊತ್ತು ಅನ್ನುತ್ತೀಯಾ? ಅರ್ಧ ನಿಮಿಷವೂ ಇರಲಾರದು. ಯಾರಿಗೂ ಏನೂ ಆಗಲಿಲ್ಲ, ಸಂಜೆ ಅವಳೇ ನಗುತ್ತ ಎರ್ಗ್, ಅದೇ ರೋಯಿಂಗ್ ಯಂತ್ರದ, ಮೇಲೆ ಕೂತಿದ್ದಳು. ನಾನಿನ್ನೂ ಎಣಿಸುತ್ತಲೇ ಇದ್ದೇನೆ. ಬಸ್ಸಿನಲ್ಲಿ ಎಣಿಸುತ್ತೇನೆ, ಮದುವೆ ಮನೆಯಲ್ಲಿ ಎಣಿಸುತ್ತೇನೆ. ಎಂಟಕ್ಕೆ ಬಂದಾಗಲೆಲ್ಲ ಹೊಟ್ಟೆಯಲ್ಲಿ ತಳಮಳ.

ಗೆದ್ದ ರೇಸುಗಳ ಲೆಕ್ಕ ಕೇಳಿದರೆ ಹುಡುಕಿ ಹೇಳಬೇಕು.

ಅದಕ್ಕೇ ಹೇಳುತ್ತೇನೆ, ಸಿಡುಕಬೇಡ. ತಣ್ಣೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ. ಆಮೇಲೆ ಹತ್ತು ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಎಷ್ಟೇ ಚೆನ್ನಾಗಿ ಈಜಲಿ, ದೋಣಿ ಬಿಟ್ಟು ದಡಕ್ಕೆ ಹೊರಡಬಾರದು ಅಂತ ದಿನಾ ಹೇಳು. ದೋಣಿಯ ಶೂಗಳ ಹಿಮ್ಮಡಿಯನ್ನು ಕಟ್ಟಿಹಿಡಿಯುವ ದಾರ, ಹೀಲ್ ಟೈ, ನೀನೇ ಬಗ್ಗಿ ಎಳೆದು ನೋಡು. ಅದು ಸಡಿಲವಾಗಿದ್ದರೆ ಮಗುಚಿದ ದೋಣಿಯಲ್ಲಿ ಕಾಲು ಹೊರಬರುವುದಿಲ್ಲ. ಲೈಫ್ ಜಾಕೆಟ್ ಲಾಂಚಿನಲ್ಲಿ ತಲೆಗೊಂದು ಇರಬೇಕು. ನೀನು ನೀರಿಗೆ ಬಿದ್ದರೆ ಮೋಟಾರು ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗ ಕಾಲಿಗೆ ಕಟ್ಟಿಕೋ, ನನ್ನ ಹಾಗೆ ಸ್ಟೀರಿಂಗಿಗೆ ಸುತ್ತಿಡಬೇಡ. ಹೆಡ್ ಕೋಚ್ ಹೊರಡು ಅಂದರೂ ಗಾಳಿ ನೋಡಿ ಆಗಲ್ಲ ಅನ್ನು. ಹೊಸಬಳು ಅಂತ ಸುಮ್ಮನಿರಬೇಡ. ನೋಡು, ಶುರುವಾಯಿತು ನನ್ನ ಪಾಠ.

ನಿನ್ನ ಶಾಲೆಯ ಒಂದು ಬೆಳಗನ್ನೂ ನಾನು ನೋಡಲಿಲ್ಲ. ಐದೂವರೆಗೆಲ್ಲ ನೀರಿನ ಮೇಲಿರುತ್ತಿದ್ದೆ, ಬೇರೆಯವರ ಮಕ್ಕಳ ಜೊತೆ. ನಿನಗೂ ಅದೇ ಹುಚ್ಚು ಹಿಡಿದದ್ದಕ್ಕೆ ಹೊಟ್ಟೆಯೊಳಗೆ ಎಷ್ಟು ಹೆಮ್ಮೆಯೋ ಅಷ್ಟೇ ಸಂಕಟ. ನೀನು ಎಲ್ಲರಿಗೂ ಲಯ ಕೊಡುವ ಸ್ಟ್ರೋಕ್ ಸೀಟಿನಲ್ಲಿ ಕೂತ ಮೊದಲ ರೇಸ್ ದಿನ ದಡದಲ್ಲಿ ಎಲ್ಲರಿಗಿಂತ ಜೋರಾಗಿ ಕಿರುಚಿದವಳು ನಾನೇ, ಆಮೇಲೆ ನಿನ್ನೆದುರು "ಕ್ಯಾಚ್ ತಡ", ಹುಟ್ಟು ನೀರಿಗಿಳಿದದ್ದು ತಡ, ಅಂತ ಮಾತ್ರ ಅಂದೆ. ತಡವೇ ಆಗಿತ್ತು, ಅದು ಬೇರೆ ಮಾತು.

ಸೋಮವಾರ ದಡಕ್ಕೆ ಬಂದ ಮೇಲೆ ಒಂದು ಮೆಸೇಜ್ ಹಾಕು. ಕಥೆ ಬೇಡ, ಒಂಬತ್ತು ಅಂತ ಹಾಕು ಸಾಕು. ಎರಡು ದೋಣಿ ಇದ್ದರೆ ಹದಿನೆಂಟು.

ಅಮ್ಮ