ಆಲದ ಬಿಳಲು ಸವರಬೇಡಿ

ಮಾನ್ಯರೇ,

ಆಲದ ಮರದ ಬಿಳಲುಗಳನ್ನು ಕಂಡಕಂಡಲ್ಲಿ ಸವರುವುದು ನಿಲ್ಲಬೇಕು. ಅಡ್ಡಕ್ಕೆ ಚಾಚಿದ ಕೊಂಬೆಯ ಭಾರ ಹೊರುವುದೇ ನೆಲಕ್ಕಿಳಿದ ಬಿಳಲು. ಅದಿಲ್ಲದಿದ್ದರೆ ಮಳೆಗಾಳಿಗೆ ಕೊಂಬೆ ಸೀಳಿ ಬೀಳುತ್ತದೆ. ಬೆಂಗಳೂರಿನ ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರದ ತಾಯಿಕಾಂಡ ರೋಗದಿಂದ ಸತ್ತರೂ ಸುಮಾರು 3 ಎಕರೆ ಹರವಿನ ಮರ ಬದುಕಿರುವುದು ಬಿಳಲುಗಳಿಂದಲೇ.

ಬಿಳಲನ್ನು ನೆಲಕ್ಕಿಳಿಸುವುದು ಕಷ್ಟವಲ್ಲ. ಬಿದಿರನ್ನು ಉದ್ದಕ್ಕೆ ಸೀಳಿ, ಒಳಗಿನ ಗಿಣ್ಣು ತೆಗೆದು, ಬಿಳಲನ್ನಿಟ್ಟು ಕೆಮ್ಮಣ್ಣು, ಗೊಬ್ಬರ ತುಂಬಿ ಹುರಿಯಿಂದ ಕಟ್ಟಬೇಕು. ತೇವ ಆರಿದರೆ ಎಳೆಯ ತುದಿ ಒಣಗುತ್ತದೆ, ಬೇಸಿಗೆಯಲ್ಲಿ ನೀರು ತಪ್ಪಿಸಬಾರದು. ಕಾರಹುಣ್ಣಿಮೆಯಂದು ನೂಲು ಸುತ್ತಿ ಪೂಜಿಸುವ ಮರದ ಬುಡಕ್ಕೇ ಸಿಮೆಂಟ್ ಬಳಿದರೆ ಇಳಿದ ಬೇರಿಗೆ ಮಣ್ಣೆಲ್ಲಿ?

ಕೊಂಬೆ ಕತ್ತರಿಸುವ ಗುತ್ತಿಗೆ ಕೊಡುವಾಗಲೇ, ದಾರಿಗೆ ಅಡ್ಡವಾಗದ ಬಿಳಲನ್ನು ಮುಟ್ಟಬಾರದೆಂಬ ಷರತ್ತನ್ನು ಸ್ಥಳೀಯ ಸಂಸ್ಥೆಗಳು ಸೇರಿಸಲಿ.